ಕರಿಬೇವಿಗೆ ಅಮ್ಮನ ಸೀರೆ

ಹ್ಯೂಸ್ಟನ್‌ನಲ್ಲಿ ಚಳಿ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ವರ್ಷದ ಮುಕ್ಕಾಲು ಪಾಲು ಮಂಗಳೂರಿನ ಸೆಕೆಯೇ. ಆದರೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಉತ್ತರದ ಗಾಳಿ ನುಗ್ಗಿದಾಗೆಲ್ಲ ಒಂದೆರಡು ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಕರಿಬೇವು ಕಪ್ಪಾಗಲು ಅಷ್ಟು ಸಾಕು.

2018ರ ಜನವರಿಯಲ್ಲಿ ನನ್ನ ಮೊದಲ ಗಿಡಕ್ಕೆ ಬೆಡ್‌ಶೀಟ್ ಸುತ್ತಿ, ಕೆಳಗೆ ಕಾಂಡಕ್ಕೆ ಬಿಗಿಯಾಗಿ ಹಗ್ಗ ಕಟ್ಟಿದ್ದೆ. ಥೇಟ್ ಮಗುವಿಗೆ ಕುಲಾವಿ ಕಟ್ಟಿದ ಹಾಗೆ. ಬೆಳಿಗ್ಗೆ ಬಿಚ್ಚಿದರೆ ಎಲೆಯೆಲ್ಲ ಬೇಯಿಸಿದ ಸೊಪ್ಪು! ಆ ಗಿಡ ಉಳಿಯಲಿಲ್ಲ. ನಮಗಾದರೆ ಮೈಯಲ್ಲಿ ಬಿಸಿ ಇರುತ್ತದೆ, ಕಂಬಳಿ ಅದನ್ನು ಹಿಡಿದಿಡುತ್ತದೆ. ಗಿಡಕ್ಕೆ ಎಲ್ಲಿಯ ಮೈಬಿಸಿ? ರಾತ್ರಿ ಅದಕ್ಕೆ ಸಿಗುವ ಬಿಸಿಯೆಲ್ಲ ನೆಲದ್ದು. ನಾನು ಹಗ್ಗ ಕಟ್ಟಿ ಆ ದಾರಿಯನ್ನೇ ಮುಚ್ಚಿದ್ದೆ.

ಈಗ ಗಿಡದ ಸುತ್ತ ನಾಲ್ಕು ಕೋಲು ನೆಟ್ಟು, ಮೇಲೆ ಅಮ್ಮ ಬಿಟ್ಟುಹೋದ ಹಳೆ ಕಾಟನ್ ಸೀರೆ ಇಳಿಬಿಡುತ್ತೇನೆ. ಅಂಚು ನೆಲದ ಮೇಲೆ ಒಂದಡಿ ಹರಡಬೇಕು, ಅದರ ಮೇಲೆ ಇಟ್ಟಿಗೆ. ವಿಡಿಯೋ ಕಾಲ್‌ನಲ್ಲಿ ನೋಡಿ ಅಮ್ಮ, "ಅಯ್ಯೋ, ಗಿಡಕ್ಕೆ ನನ್ನ ಸೀರೆ ಉಡಿಸಿದ್ದೀಯೇನೋ!" ಅಂದರು. ಮಧ್ಯಾಹ್ನವೇ ಬುಡಕ್ಕೆ ನೀರು ಹಾಕಿರುತ್ತೇನೆ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಜಾಸ್ತಿ ಬಿಸಿ ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಕುವುದಿದ್ದರೆ ಬಟ್ಟೆಯ ಮೇಲೆ ಮಾತ್ರ. ಎಲೆಗೆ ತಾಗಿದರೆ ತಾಗಿದಲ್ಲೆಲ್ಲ ಸುಟ್ಟಂತಾಗುತ್ತದೆ. ಬಿಸಿಲು ಬಂದ ಮೇಲೆ ಎಲ್ಲ ತೆಗೆಯಬೇಕು. ಒಳಗೊಂದು ಹಳೇ ಕಾಲದ ಬಲ್ಬಿನ ಸರ, ಬಟ್ಟೆಗೆ ತಾಗದ ಹಾಗೆ. ಎಲ್‌ಇಡಿ ಸರ ಸುಮ್ನೆ ಚೆಂದಕ್ಕೆ, ಬಿಸಿಯೇ ಆಗುವುದಿಲ್ಲ.

2021ರ ಫೆಬ್ರವರಿಯಲ್ಲಿ ಇದೂ ಸಾಲಲಿಲ್ಲ. ಮೈನಸ್ 10ರ ಹತ್ತಿರ ಹೋಯಿತು, ಮೇಲಿಂದ ಕರೆಂಟೂ ಇಲ್ಲ. ಬಲ್ಬಿನ ಸರ ಇದ್ದೂ ದಂಡ. ಮಲ್ಲಿಗೆ ಕುಂಡಗಳನ್ನು ಗ್ಯಾರೇಜಿಗೆ ಎಳೆದೆ, ಉಳಿದವು. ಕರಿಬೇವು ನೆಲದಲ್ಲಿತ್ತು. ಬುಡಕ್ಕೆ ಒಂದು ಗೇಣು ಒಣ ಎಲೆ ಒಟ್ಟಿ ಕೈಬಿಟ್ಟೆ.

ವಾರ ಕಳೆದು ನೋಡಿದರೆ ಪೂರ್ತಿ ಒಣಕಲು. ಕತ್ತರಿಸಲು ಕೈ ತುರಿಸುತ್ತಿತ್ತು, ಆದರೂ ತಡೆದೆ. ಉಗುರಲ್ಲಿ ತೊಗಟೆ ಕೆರೆದೆ. ಮೇಲೆಲ್ಲ ಕಂದು, ಒಣ ಎಲೆ ಸರಿಸಿ ಬುಡದಲ್ಲಿ ಕೆರೆದರೆ ಹಸಿರು! ಚಳಿ ಪೂರ್ತಿ ಹೋದ ಮೇಲೆ ಆ ಹಸಿರಿನ ಮಟ್ಟಕ್ಕೆ ಕತ್ತರಿಸಿದೆ. ಏಪ್ರಿಲ್ ಕೊನೆಗೆ ಕೆಂಪು ಚಿಗುರು ಬಂತು.

ಮೊದಲು ಒಂದೇ ಕಾಂಡ ಇದ್ದದ್ದು ಈಗ ನಾಲ್ಕಾಗಿದೆ. ಒಂದು ಸೀರೆ ಸಾಲುತ್ತಿಲ್ಲ. ಮುಂದಿನ ಸಲ ಬರುವಾಗ ಇನ್ನೊಂದು ಹಳೆಯದು ತನ್ನಿ ಅಂತ ಅಮ್ಮನಿಗೆ ಹೇಳಿದ್ದೇನೆ.