ದುಡ್ಡು ತಗೊಳ್ಳೋದು ಸುಲಭ, ಕೀ ತಲುಪಿಸೋದೇ ಕೆಲಸ: ವೆಬ್‌ಸೈಟಿನಲ್ಲಿ ಸಾಫ್ಟ್‌ವೇರ್ ಮಾರಿದ ನನ್ನ ಅನುಭವ

ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಸಣ್ಣ ಕಂಪನಿ. ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ರೈತರ ಪಟ್ಟಿ (ಮಾಲು ಮಾರಿದ್ದಕ್ಕೆ ರೈತರಿಗೆ ಕೊಡುವ ಲೆಕ್ಕದ ಚೀಟಿ), ತೂಕ, ಹಮಾಲಿ, ಖರೀದಿದಾರರ ಬಾಕಿ, ಇಷ್ಟೇ ಅದರ ಕೆಲಸ. ಮೊದಲು ಮಾರಾಟವೆಲ್ಲ ಬೈಕ್ ಮೇಲೆ. ಮಹಾಲಿಂಗಪುರದ ಬೆಲ್ಲದ ಪೇಟೆ, ಮುಧೋಳ, ಜಮಖಂಡಿ ಅಂತ ತಿರುಗಿ, ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿ, ಚಹಾ ಕುಡಿದು, ದುಡ್ಡಿನ ಮಾತಿಗೆ "ಮುಂದಿನ ವಾರ ನೋಡೂಣ್ರಿ" ಅನ್ನಿಸಿಕೊಂಡು ಬರುವುದು. ಸಾಂಗ್ಲಿ, ಸೊಲ್ಲಾಪುರದಿಂದಲೂ ಜನ ಕೇಳತೊಡಗಿದ ಮೇಲೆ ಬೈಕ್ ಸಾಲಲಿಲ್ಲ. ವೆಬ್‌ಸೈಟ್ ಹೇಗೂ ಇತ್ತು, ಅದರಲ್ಲೇ ಮಾರಾಟ ಶುರು ಮಾಡಿದೆವು. ದುಡ್ಡು ಕಟ್ಟಿದವರಿಗೆ ಸಾಫ್ಟ್‌ವೇರ್ ಚಾಲೂ ಮಾಡುವ ನಂಬರ್, ಅಂದರೆ ಲೈಸೆನ್ಸ್ ಕೀ, ತಲುಪಿಸಬೇಕು.

ಪೇಮೆಂಟ್ ಗೇಟ್‌ವೇ, ಅಂದರೆ ಗಿರಾಕಿಯಿಂದ ಆನ್‌ಲೈನ್‌ನಲ್ಲಿ ದುಡ್ಡು ಪಡೆದು ನಮ್ಮ ಖಾತೆಗೆ ಹಾಕುವ ಸೇವೆ, ಸಿಗೋದು ಕಷ್ಟವಲ್ಲ. ಪ್ಯಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ ವಿವರ ಕೊಡಬೇಕು. ಜೊತೆಗೆ ಸೈಟಿನಲ್ಲಿ ಷರತ್ತು, ಗೋಪ್ಯತೆ, ರೀಫಂಡ್, ಸಂಪರ್ಕದ ಪುಟಗಳಿರಬೇಕು. ಅವನ್ನು ಸುಮ್ನೆ ಬೇರೆಯವರ ಸೈಟಿನಿಂದ ಎತ್ತಿ ಹಾಕಬೇಡಿ. ಡೌನ್‌ಲೋಡ್ ಮಾಡುವ ಸಾಫ್ಟ್‌ವೇರಿಗೆ "ಏಳು ದಿನದಲ್ಲಿ ಕೊರಿಯರ್" ಅಂತ ಬರೆದಿರುವವರನ್ನು ನೋಡಿದ್ದೇನೆ! ರೀಫಂಡ್ ಕೊಟ್ಟರೆ ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅದಕ್ಕೇ ನಾವು ಮೊದಲು 15 ದಿನ ಪುಕ್ಕಟೆ ಬಳಸಲು ಬಿಡುತ್ತೇವೆ, ಆಮೇಲೆ ಬೇಕಾದವರು ಕೊಳ್ಳುತ್ತಾರೆ.

ಬೆಲೆ ವರ್ಷಕ್ಕೆ 4,000 ರೂಪಾಯಿ. 18% ಜಿಎಸ್‌ಟಿ ಸೇರಿ 4,720. ಸೈಟಿನಲ್ಲಿ 4,720 ಅಂತಲೇ ಹಾಕಿ. ಕೊನೇ ಪುಟದಲ್ಲಿ ಮೊತ್ತ ಏರಿದರೆ ಅಂಗಡಿಯವರು ಅಲ್ಲೇ ಬಿಟ್ಟು ಹೋಗುತ್ತಾರೆ. ಫಾರ್ಮಿನಲ್ಲಿ ರಾಜ್ಯ ಕೇಳುವುದು ಕಡ್ಡಾಯ, ಯಾಕಂದ್ರೆ ನಮ್ಮದೇ ರಾಜ್ಯದ ಜಮಖಂಡಿಯವರ ಬಿಲ್ಲಿಗೆ ಕೇಂದ್ರದ 9% ಮತ್ತು ರಾಜ್ಯದ 9% ಜಿಎಸ್‌ಟಿ, ಮಹಾರಾಷ್ಟ್ರದ ಸಾಂಗ್ಲಿಯವರಿಗೆ 18% ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ). ನಮ್ಮ ಗೇಟ್‌ವೇಗೆ ಮೊತ್ತವನ್ನು ಪೈಸೆಯಲ್ಲಿ ಕಳಿಸಬೇಕು: 472000. ಬರೀ 4720 ಕಳಿಸಿದರೆ 47 ರೂಪಾಯಿ 20 ಪೈಸೆಗೆ ಮಾರಿದಂತೆ. ಇನ್ನು ಶುಲ್ಕ 2% ಅಂದರೆ 94.40, ಅದರ ಮೇಲೂ ಜಿಎಸ್‌ಟಿ. ಕೊನೆಗೆ ಖಾತೆಗೆ ಬರುವುದು 4,608.61. ಲೆಕ್ಕ ಬರೆಯುವವರಿಗೆ ಇದನ್ನು ಮೊದಲೇ ಹೇಳಿಡಿ. ಮಾರಾಟ ಪೂರ್ತಿ ಮೊತ್ತಕ್ಕೆ ಬರೆಯಬೇಕು, ಶುಲ್ಕ ಖರ್ಚಿಗೆ ಹೋಗಬೇಕು.

ಈಗ ನಿಜವಾದ ಕೆಲಸಕ್ಕೆ ಬರೋಣ. ಮಾದರಿ ಕೋಡ್‌ಗಳಲ್ಲಿ ಜಾಸ್ತಿ ಕಾಣುವುದು ಒಂದೇ ದಾರಿ: ದುಡ್ಡು ಕಟ್ಟಿದ ಗಿರಾಕಿ ನಿಮ್ಮ "ಧನ್ಯವಾದ" ಪುಟಕ್ಕೆ ವಾಪಸ್ ಬರುತ್ತಾರೆ, ಅಲ್ಲಿ ಲೈಸೆನ್ಸ್ ಕೀ ತೋರಿಸಿ. ನಮ್ಮ ಗಿರಾಕಿಗಳು ವಾಪಸ್ ಬರುವವರಲ್ಲ. ಮೊಬೈಲಿನಲ್ಲಿ ಸೈಟ್ ತೆರೆದು ಯುಪಿಐ ಒತ್ತುತ್ತಾರೆ, ಫೋನ್‌ಪೇ ತೆರೆದುಕೊಳ್ಳುತ್ತದೆ, ಪಿನ್ ಹೊಡೆಯುತ್ತಾರೆ, ಹಸಿರು ಟಿಕ್ ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಫೋನ್ ಕಿಸೆಗೆ ಹಾಕುತ್ತಾರೆ, ಅಷ್ಟೊತ್ತಿಗೆ ಹೊರಗೆ ಮಾಲಿನ ಸವಾಲು (ಹರಾಜು) ಶುರುವಾಗಿರುತ್ತದೆ. ಬ್ರೌಸರಿನ ಕಡೆ ಮತ್ತೆ ಯಾರೂ ತಿರುಗಿ ನೋಡಲ್ಲ. ಸಂಜೆಗೆ ಫೋನ್: "ಸರ್, ರೊಕ್ಕ ಹೋಗೈತ್ರಿ, ನಂಬರ್ ಬಂದಿಲ್ಲ."

ಹಾಗಾಗಿ ಕೀ ಕೊಡುವುದನ್ನು ವೆಬ್‌ಹುಕ್‌ಗೆ ವಹಿಸಿದೆವು. ದುಡ್ಡು ಬಂದ ಸುದ್ದಿಯನ್ನು ಗೇಟ್‌ವೇ ನೇರವಾಗಿ ನಮ್ಮ ಸರ್ವರಿಗೆ ಕಳಿಸುತ್ತದೆ, ಗಿರಾಕಿಯ ಫೋನ್ ಎಲ್ಲಿದ್ದರೂ ನಡೆಯುತ್ತದೆ. ಆ ಸುದ್ದಿ ಗೇಟ್‌ವೇಯಿಂದಲೇ ಬಂತಾ ಅಂತ ಅದರ ಡಿಜಿಟಲ್ ಸಹಿ ತಾಳೆ ನೋಡಬೇಕು. ಇಲ್ಲದಿದ್ದರೆ ವಿಳಾಸ ಗೊತ್ತಿರುವ ಯಾರಾದರೂ ಸುಳ್ಳು ಸುದ್ದಿ ಕಳಿಸಿ ಕೀ ಎತ್ತಬಹುದು. ತಾಳೆ ನೋಡುವಾಗ ಬಂದ ಪಠ್ಯವನ್ನು ಇದ್ದ ಹಾಗೇ ತಗೊಳ್ಳಿ. ಜೆಸನ್ (JSON, ಆ ಸುದ್ದಿ ಬರುವ ಡೇಟಾ ರೂಪ) ಬಿಡಿಸಿ ಮತ್ತೆ ಕಟ್ಟಿದರೆ ಒಂದು ಸ್ಪೇಸ್ ಆಚೀಚೆ ಆದರೂ ಸಹಿ ಕೂಡುವುದಿಲ್ಲ. ನಮ್ಮ ಸರ್ವರ್ ಉತ್ತರ ತಡ ಮಾಡಿದರೆ ಅದೇ ಸುದ್ದಿ ಇನ್ನೊಮ್ಮೆ ಬರುತ್ತದೆ, ಆದ್ದರಿಂದ ಡೇಟಾಬೇಸಿನಲ್ಲಿ ಪೇಮೆಂಟ್ ಐಡಿಗೆ ಯುನಿಕ್ ಹಾಕಿಟ್ಟಿದ್ದೇವೆ, ಅಂದರೆ ಅದೇ ಐಡಿ ಎರಡನೇ ಸಲ ಸೇರುವುದಿಲ್ಲ. ಒಂದು ಪೇಮೆಂಟಿಗೆ ಒಂದೇ ಕೀ. "ಆಥರೈಸ್" (ಬ್ಯಾಂಕ್ ಒಪ್ಪಿದೆ, ಪಾವತಿ ಇನ್ನೂ ಪಕ್ಕಾ ಆಗಿಲ್ಲ) ಆಗಿದೆ ಅಂದರೆ ಕೊಡಬೇಡಿ, "ಕ್ಯಾಪ್ಚರ್" (ಪಾವತಿ ಪಕ್ಕಾ) ಆಗಲಿ. ಕೀ ಹೋಗುವುದು ವಾಟ್ಸಾಪ್‌ಗೆ. ಇಮೇಲ್‌ಗೂ ಕಳಿಸುತ್ತೇವೆ, ನೋಡುವವರು ಕಡಿಮೆ.

ಅಂಗಡಿಗಳಲ್ಲಿ ಇಂಟರ್‌ನೆಟ್ ನಂಬುವಂತಿಲ್ಲ, ಅದಕ್ಕೆ ಕೀ ತಪಾಸಣೆ ಆಫ್‌ಲೈನ್‌ನಲ್ಲೇ. ನಮ್ಮ ಹತ್ತಿರ ಮಾತ್ರ ಗುಟ್ಟಾಗಿರುವ ಖಾಸಗಿ ಕೀಯಿಂದ ಲೈಸೆನ್ಸ್ ಕೀಗೆ ಡಿಜಿಟಲ್ ಸಹಿ ಹಾಕುತ್ತೇವೆ, ಪ್ರೋಗ್ರಾಮಿನೊಳಗೆ ಆ ಸಹಿಯನ್ನು ತಾಳೆ ನೋಡುವ ಸಾರ್ವಜನಿಕ ಕೀ ಮಾತ್ರ ಇರುತ್ತದೆ. ಲೈಸೆನ್ಸ್ ಕೀಯೊಳಗೆ ಅಂಗಡಿಯ ಹೆಸರೂ ಇದೆ, ಪಟ್ಟಿಯ ತಲೆಯ ಮೇಲೆ ಅದೇ ಹೆಸರು ಅಚ್ಚಾಗುತ್ತದೆ. ಪಕ್ಕದ ಅಂಗಡಿಯವರ ಹೆಸರಲ್ಲಿ ರೈತರಿಗೆ ಪಟ್ಟಿ ಕೊಡಲು ಯಾರಿಗೂ ಇಷ್ಟವಿಲ್ಲ, ಅಲ್ವಾ? ಕೀ ಹಂಚಿಕೊಳ್ಳುವುದನ್ನು ತಡೆಯಲು ಇದಕ್ಕಿಂತ ಜಾಸ್ತಿ ಏನೂ ಮಾಡಿಲ್ಲ.

ಡೌನ್‌ಲೋಡ್ ಮಾಡಿದ ಫೈಲಿಗೆ ವಿಂಡೋಸ್ ನೀಲಿ ಎಚ್ಚರಿಕೆ ತೋರಿಸಿದರೆ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಫೈಲ್ ನಿಮ್ಮಿಂದಲೇ ಬಂದದ್ದು ಅಂತ ವಿಂಡೋಸ್‌ಗೆ ತೋರಿಸುವ ಕೋಡ್ ಸೈನಿಂಗ್ ಸರ್ಟಿಫಿಕೇಟ್ ತಗೊಳ್ಳಿ. 2023ರ ಜೂನ್‌ನಿಂದ ಅದರ ಖಾಸಗಿ ಕೀ ಯುಎಸ್‌ಬಿ ಟೋಕನ್ನಿನಂಥ ಹಾರ್ಡ್‌ವೇರಿನಲ್ಲೇ ಇರಬೇಕು, ಖರ್ಚಿಗೆ ತಯಾರಿರಿ. ಹೊಸ ಸರ್ಟಿಫಿಕೇಟಿಗೂ ಸ್ವಲ್ಪ ಕಾಲ ಎಚ್ಚರಿಕೆ ಬರಬಹುದು.

ನವೀಕರಣಕ್ಕೆ ಆಟೋ ಡೆಬಿಟ್ ಇಟ್ಟಿಲ್ಲ. ಗಿರಾಕಿ ಒಮ್ಮೆ ಒಪ್ಪಿಗೆ ಕೊಟ್ಟರೆ, ರಿಸರ್ವ್ ಬ್ಯಾಂಕ್ ನಿಯಮದಂತೆ 15,000 ರೂಪಾಯಿವರೆಗೆ ಪ್ರತಿ ಸಲ ಒಟಿಪಿ ಇಲ್ಲದೆ ಕಡಿತ ಮಾಡಬಹುದು, ಅಷ್ಟರೊಳಗೇ ನಮ್ಮ ಬೆಲೆ ಇದೆ. ಆದರೆ ತಾನಾಗಿ ರೊಕ್ಕ ಕಟ್ ಆಗುವುದು ವ್ಯಾಪಾರಸ್ಥರಿಗೆ ಹಿಡಿಸುವುದಿಲ್ಲ. ಅವಧಿ ಮುಗಿಯುವ ಮೊದಲು ವಾಟ್ಸಾಪ್‌ನಲ್ಲಿ ಪೇಮೆಂಟ್ ಲಿಂಕ್ ಕಳಿಸುತ್ತೇವೆ. ಕಟ್ಟದಿದ್ದರೆ ಹೊಸ ಪಟ್ಟಿ ಮಾತ್ರ ನಿಲ್ಲುತ್ತದೆ. ಹಳೇ ಲೆಕ್ಕ ನೋಡಬಹುದು, ಪ್ರಿಂಟ್ ತೆಗೆಯಬಹುದು.