ಅಪಾರ್ಟ್‌ಮೆಂಟ್ ಸಂಘ: ಎಲ್ಲರನ್ನೂ ಸದಸ್ಯರಾಗಿಸುವುದು ಹೇಗೆ?

"ನಾನು ನಿಮ್ಮ ಸಂಘದ ಮೆಂಬರೇ ಅಲ್ಲ, ಮೇಂಟೆನೆನ್ಸ್ ಯಾಕೆ ಕೊಡಲಿ?" ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಮಾತು ಕೇಳದ ಖಜಾಂಚಿ ಸಿಗುವುದು ಕಷ್ಟ. ಸಂಘ 1960ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಈ ತಕರಾರನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅಲ್ಲಿ ಇಷ್ಟಪಟ್ಟು ಸೇರಿದವರಷ್ಟೇ ಸದಸ್ಯರು. ಫ್ಲ್ಯಾಟ್ ಇರುವವರೆಲ್ಲ ತಾವಾಗಿಯೇ ಸದಸ್ಯರಾಗಬೇಕು ಅಂದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಬರಬೇಕು.

ಹಲವು ಕಡೆ ಏನು ಮಾಡ್ತಾರೆ ಗೊತ್ತಾ? ಜನರಲ್ ಬಾಡಿ ಕರೆದು, "ಇಂದಿನಿಂದ ಸದಸ್ಯತ್ವ ಕಡ್ಡಾಯ" ಎಂದು ಬೈಲಾಕ್ಕೆ (ಸಂಘದ ನಿಯಮಾವಳಿಗೆ) ಒಂದು ಸಾಲು ಸೇರಿಸಿ ಚಪ್ಪಾಳೆ ತಟ್ಟುತ್ತಾರೆ. ಸದಸ್ಯರೇ ಅಲ್ಲದವರಿಗೆ ಆ ಸಾಲು ಹೇಗೆ ಅಂಟೀತು? 1972ರ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ, ಎಲ್ಲ ಮಾಲೀಕರೂ ಸಹಿ ಮಾಡಿದ ಡಿಕ್ಲರೇಷನ್ (ಕಟ್ಟಡವನ್ನು ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ನೋಂದಣಿಯಾದರೆ ಮಾತ್ರ ಕಟ್ಟಡ ಈ ಕಾಯ್ದೆಯೊಳಗೆ ಬರುತ್ತದೆ. ಬಹುಮತ ಸಾಲದು.

ಮೊದಲು ಜಾಗದ ಇಸಿ (ಆ ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ) ತೆಗೆಸಿ. ಮಾರಾಟಕ್ಕೂ ಮುಂಚೆ ಪೂರ್ತಿ ಆಸ್ತಿಗೆ ಬಿಲ್ಡರ್ ಒಬ್ಬನೇ ಮಾಲೀಕನಾಗಿದ್ದಾಗ ಡಿಕ್ಲರೇಷನ್ ಮಾಡಿಸಿಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆಯೇ.

ಇಲ್ಲದಿದ್ದರೆ ನಿಜವಾದ ತಲೆನೋವು ಶುರು. ಡಿಕ್ಲರೇಷನ್ನಿನ ಜೀವ ಇರುವುದು ಅದರೊಳಗಿನ ಪಾಲಿನ ಪಟ್ಟಿಯಲ್ಲಿ: ಜಾಗದಲ್ಲಿ, ಕಾಮನ್ ಏರಿಯಾದಲ್ಲಿ ಯಾವ ಫ್ಲ್ಯಾಟಿಗೆ ಶೇಕಡಾ ಎಷ್ಟು. ಒಮ್ಮೆ ನೋಂದಣಿಯಾದರೆ ಎಲ್ಲ ಮಾಲೀಕರೂ ಒಪ್ಪದೆ ಆ ಪಾಲು ಬದಲಾಗದು. ಆದ್ದರಿಂದ ಬ್ರೋಷರಿನ ಸೂಪರ್ ಬಿಲ್ಟ್‌ಅಪ್ (ಕಾಮನ್ ಏರಿಯಾದ ಪಾಲೂ ಸೇರಿಸಿದ) ಚದರಡಿ ಹಿಡಿದು ಲೆಕ್ಕ ಹಾಕಬೇಡಿ. ಪ್ರತಿಯೊಂದು ಸೇಲ್ ಡೀಡ್ ತರಿಸಿ, ಅದರಲ್ಲಿರುವ ಯುಡಿಎಸ್ (ಜಾಗದಲ್ಲಿ ಆ ಫ್ಲ್ಯಾಟಿಗಿರುವ ಅವಿಭಜಿತ ಪಾಲು) ಬರೆದುಕೊಳ್ಳಿ. ಶೇಕಡಾ ಲೆಕ್ಕದಲ್ಲಿ ಮೊತ್ತ ಸರಿಯಾಗಿ 100 ಬರಬೇಕು. ಬರದಿದ್ದರೆ ಬಿಲ್ಡರ್ ಎಲ್ಲೋ ಪಾಲು ಉಳಿಸಿಕೊಂಡಿದ್ದಾನೆ, ಇಲ್ಲವೇ ಡೀಡಿನಲ್ಲಿ ತಪ್ಪಿದೆ. ಎಕ್ಸೆಲ್ಲಿನಲ್ಲಿ ರೌಂಡ್ ಮಾಡಿ ಮುಚ್ಚಿಬಿಡುವುದು ಆತ್ಮಹತ್ಯೆ.

ಇನ್ನೊಂದು ವಿಷಯ: ಈ ಕಾಯ್ದೆಯಲ್ಲಿ ಕಾಮನ್ ಖರ್ಚು ಹಂಚುವುದೂ ಇದೇ ಪಾಲಿನ ಪ್ರಕಾರ. ಈವರೆಗೆ ಎಲ್ಲ ಫ್ಲ್ಯಾಟಿಗೂ ಒಂದೇ ಮೊತ್ತ ಇದ್ದಲ್ಲಿ ದೊಡ್ಡ ಫ್ಲ್ಯಾಟಿನವರ ಬಿಲ್ ಏರುತ್ತದೆ. ಸಹಿ ಕೇಳುವ ಮೊದಲೇ ಹೇಳಿಬಿಡಿ, ಆಮೇಲೆ ಗೊತ್ತಾದರೆ ಸಿಟ್ಟು ಜಾಸ್ತಿ.

ಸಹಿಗೂ ಶಿಸ್ತು ಬೇಕು. ಹೆಸರು ಸೇಲ್ ಡೀಡಿನಲ್ಲಿರುವಂತೆಯೇ ಇರಲಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಇಬ್ಬರೂ ಹಾಕಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರೆಲ್ಲರೂ. ಮಾರಾಟವಾಗದ ಫ್ಲ್ಯಾಟುಗಳಿಗೆ ಬಿಲ್ಡರ್. ಅಮೆರಿಕದಲ್ಲೋ ದುಬೈನಲ್ಲೋ ಇರುವವರಿಂದ ಭಾರತೀಯ ದೂತಾವಾಸದಲ್ಲಿ ಮಾಡಿಸಿದ ಪವರ್ ಆಫ್ ಅಟಾರ್ನಿ ತರಿಸಿ. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟಾಂಪ್ ಆಗಬೇಕು, ಇದನ್ನು ಮರೆಯುವವರೇ ಹೆಚ್ಚು. ವಾಟ್ಸ್ಆ್ಯಪ್ಪಿನಲ್ಲಿ ಬಂದ "ಓಕೆ" ಸಹಿ ಅಲ್ಲ!

ಹಟ ಹಿಡಿದವರ ಮನೆಗೆ ಅಧ್ಯಕ್ಷರು ಹೋಗುವುದು ಬೇಡ, ಪಕ್ಕದ ಮನೆಯವರು ಹೋಗಲಿ. ನಾನು ಕಂಡಂತೆ ಅವರ ಅಸಲಿ ಭಯ ಕಾರ್ ಪಾರ್ಕಿಂಗ್. ಅವರ ಡೀಡಿನಲ್ಲಿರುವ ಜಾಗಕ್ಕೆ ಏನೂ ಆಗುವುದಿಲ್ಲ ಎಂದು ಕಾಗದದಲ್ಲೇ ತೋರಿಸಿ. ನೀರು ನಿಲ್ಲಿಸ್ತೀವಿ ಅಂತ ಹೆದರಿಸಿದರೆ ಸಹಿ ಬರುವುದಿಲ್ಲ, ಪೊಲೀಸರು ಬರ್ತಾರೆ.

ಬೈಲಾ, ಮಹಡಿ ನಕ್ಷೆ ಸೇರಿಸಿ, ಕಾವೇರಿ 2.0ರಲ್ಲಿ (ನೋಂದಣಿ ಇಲಾಖೆಯ ಜಾಲತಾಣ) ಅಪಾಯಿಂಟ್‌ಮೆಂಟ್ ಪಡೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ವಕೀಲರ ಪಾಲಿನ ಸಲೀಸು ಕೆಲಸ. ಕಚೇರಿ ಎದುರು ಸಿಗುವ "ಅಸೋಸಿಯೇಷನ್ ಪ್ಯಾಕೇಜ್"ಗೆ ಮಾತ್ರ ಕೈ ಹಾಕಬೇಡಿ. ಬೇರೆಯವರ ಬೈಲಾದಲ್ಲಿ ಹೆಸರು ಬದಲಿಸಿ ಕೊಡ್ತಾರೆ, ನಿಮ್ಮಲ್ಲಿಲ್ಲದ ಈಜುಕೊಳದ ನಿಯಮವೂ ಅದರಲ್ಲಿರುತ್ತದೆ.

ಇಷ್ಟಾದ ಮೇಲೆ ಬಾಕಿಗೆ ಬೆಲೆ ಬರುತ್ತದೆ. 19ನೇ ಸೆಕ್ಷನ್ ಪ್ರಕಾರ ಕಟ್ಟದ ಮೇಂಟೆನೆನ್ಸ್ ಆ ಫ್ಲ್ಯಾಟಿನ ಮೇಲಿನ ಋಣ. ಅದಕ್ಕಿಂತ ಮುಂದೆ ನಿಲ್ಲುವುದು ಸರ್ಕಾರದ, ನಗರಪಾಲಿಕೆಯ ತೆರಿಗೆ ಮತ್ತು ಮೊದಲ ಅಡಮಾನದ ಸಾಲ ಮಾತ್ರ. "ಜಿಮ್ ಬಳಸಲ್ಲ, ದುಡ್ಡು ಕೊಡಲ್ಲ" ಎಂಬ ವಾದವೂ ನಡೆಯದು.

ಹಳೆಯ ಸೊಸೈಟಿಯನ್ನು ಮಾರನೇ ದಿನವೇ ಮುಚ್ಚಬೇಡಿ. ಲಿಫ್ಟಿನ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಬೆಸ್ಕಾಂ ಮೀಟರ್, ಬ್ಯಾಂಕಿನ ಠೇವಣಿ ಅದರ ಹೆಸರಲ್ಲೇ ಇರುತ್ತವೆ. 1972ರ ಕಾಯ್ದೆಯಡಿಯ ಹೊಸ ಸಂಘಕ್ಕೆ ಪ್ಯಾನ್ ಮಾಡಿಸಿ, ಖಾತೆ ತೆರೆದು, ಇವೆಲ್ಲ ವರ್ಗವಾದ ಮೇಲೆ ವಿಸರ್ಜನೆಯ ಅರ್ಜಿ ಹಾಕಿ.