ಎಲ್ಲದಕ್ಕೂ ಆಗೋ ಲೆನ್ಸ್ ಹುಡುಕಿ ಹುಡುಕಿ ಕೊನೆಗೆ ನಾನು 85 ಮಿಮೀ ತಗೊಂಡಿದ್ದು

ನನ್ನ ಕ್ಯಾಮೆರಾಗೆ ಬೇಕಿದ್ದಿದ್ದು ಒಂದೇ ಲೆನ್ಸು. ಮಗಳು ಸ್ಟೇಜ್ ಮೇಲೆ ಡ್ಯಾನ್ಸ್ ಮಾಡೋವಾಗ ಆ ಮಬ್ಬು ಬೆಳಕಲ್ಲೂ ಅವಳ ಮುಖ, ಬೆರಳು ಎಲ್ಲಾ ಶಾರ್ಪ್ ಆಗಿ ಬರ್ಬೇಕು, ಬೆಳಿಗ್ಗೆ ವಾಕ್ ಹೋದಾಗ ಹಕ್ಕಿ ಕಂಡ್ರೆ ಅದೂ ಸಿಗ್ಬೇಕು, ಮನೆ ಒಳಗೆ ಮಕ್ಕಳು ಆಡ್ತಿರೋದೂ ತೆಗೀಬೇಕು, ಜೊತೆಗೆ ಇಡೀ ದಿನ ಕುತ್ತಿಗೇಲಿ ನೇತಾಕ್ಕೊಂಡಿದ್ರೂ ಭಾರ ಅನ್ನಿಸ್ಬಾರ್ದು. ಮೂರ್ನಾಲ್ಕು ತಿಂಗಳು ರಾತ್ರಿ ಕೂತು ಇದನ್ನೇ ಅಳೆದು ಸುರಿದು ನೋಡಿದೀನಿ, ಒಂದು ಸರಿ ಇದ್ರೆ ಇನ್ನೊಂದು ಕೈ ಕೊಡ್ತಿತ್ತು.

ಯಾಕೆ ಹೀಗೆ ಅಂತ ಅರ್ಥ ಆಗಿದ್ದು ಒಂದು ಸಣ್ಣ ಭಾಗಾಕಾರ ಮಾಡಿದ್ಮೇಲೆ. ಲೆನ್ಸ್ ಮೇಲೆ ಮಿಮೀಲಿ ಬರೆದಿರೋ ಫೋಕಲ್ ಲೆಂಗ್ತನ್ನ (ಇದು ಜಾಸ್ತಿ ಇದ್ದಷ್ಟೂ ದೂರದ್ದು ಹತ್ರ ಕಾಣುತ್ತೆ) ಎಫ್ ನಂಬರಿಂದ (ಇದು ಕಮ್ಮಿ ಇದ್ದಷ್ಟೂ ಬೆಳಕು ಜಾಸ್ತಿ) ಭಾಗಿಸಿದ್ರೆ ಬೆಳಕು ಒಳಗೆ ಬರೋ ಕಿಂಡಿ ಎಷ್ಟು ಅಗಲ ಅಂತ ಸಿಗುತ್ತೆ. 200 ಮಿಮೀಗೆ ಎಫ್/2.8 ಬೇಕು ಅಂದ್ರೆ ಅದು 71 ಮಿಮೀ, 300ಕ್ಕೆ ಎಫ್/2.8 ಅಂದ್ರೆ 107 ಮಿಮೀ. ಮುಂದಿನ ಗಾಜು ಅದಕ್ಕಿಂತ ಚಿಕ್ಕದಾಗೋಕೆ ಆಗೋದೇ ಇಲ್ಲ, ಯಾವ ಕಂಪನಿ ಮಾಡಿದ್ರೂ ಅಷ್ಟೇ. ಅಷ್ಟು ಅಗಲದ ಗಾಜು ಮುಂದೆ, ಅದರ ಹಿಂದೆ ಇನ್ನೂ ಹತ್ತು ಹದಿನೈದು ತುಂಡು ಕೂತ್ರೆ ತೂಕ ಬಂದೇ ಬರುತ್ತೆ. ಅಲ್ಲಿವರೆಗೂ ನಾನು ಇನ್ನೂ ಸರಿಯಾಗಿ ಹುಡುಕಿಲ್ಲ, ಎಲ್ಲೋ ಒಂದು ಲೆನ್ಸ್ ಇರುತ್ತೆ ಅಂತಾನೇ ಅಂದ್ಕೊಂಡಿದ್ದೆ.

ನನ್ನ ಹತ್ರ ಆಗ ಇದ್ದಿದ್ದು ಎಪಿಎಸ್-ಸಿ ಅನ್ನೋ ಸ್ವಲ್ಪ ಚಿಕ್ಕ ಅಳತೆ ಸೆನ್ಸರ್ (ಫೋಟೋ ಹಿಡಿಯೋ ಚಿಪ್) ಇರೋ 24 ಮೆಗಾಪಿಕ್ಸೆಲ್ ಕ್ಯಾಮೆರಾ ಬಾಡಿ, ಅದರ ಜೊತೆ ಬಂದಿದ್ದ 18-140 ಮಿಮೀ ಝೂಮ್ ಲೆನ್ಸ್, ಮತ್ತೆ ಒಂದು ಹಳೇ 70-300. ಎರಡೂ ಝೂಮ್ ಮಾಡಿದ್ರೆ ಎಫ್/5.6ಗೆ ಬಂದು ನಿಲ್ಲುತ್ವೆ. ಹೊರಗೆ ಬಿಸಿಲಲ್ಲಿ ಏನೂ ತೊಂದ್ರೆ ಇಲ್ಲ, ಚೆನ್ನಾಗೇ ಬರುತ್ವೆ. ಆದ್ರೆ ಸ್ಟೇಜ್ ಬೆಳಕಲ್ಲಿ ಎಫ್/5.6, ಶಟರ್ 1/250 ಸೆಕೆಂಡ್ ಇಟ್ರೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 12800 ಕೇಳ್ತಿತ್ತು. ಫೋಟೋ ತುಂಬ ಕಾಳು ಕಾಳಾಗೋ ಅಷ್ಟು ನಾಯ್ಸ್ ಬೇಡ ಅಂತ 3200ಕ್ಕೆ ಇಳಿಸ್ದೆ, ಶಟರ್ 1/60ಗೆ ಬಂತು. ಮನೆಗೆ ಬಂದು ದೊಡ್ಡ ಸ್ಕ್ರೀನಲ್ಲಿ ನೋಡಿದ್ರೆ ಅವಳ ಮುಖ ಇದೆ, ಬಟ್ಟೆ ಮೇಲಿನ ಕಸೂತಿ ಇದೆ, ಮೊಣಕೈಯಿಂದ ಮುಂದಕ್ಕೆ ಬರೀ ಹೊಗೆ ಥರ ಎಳೆದ ಗೆರೆ. ಲೆನ್ಸಲ್ಲಿ ಅಲುಗಾಟ ತಡೆಯೋ ಸ್ಟೆಬಿಲೈಸೇಶನ್ ಇತ್ತಲ್ಲ ಅಂತ ಮೊದ್ಲು ತಲೆ ಕೆಡಿಸ್ಕೊಂಡೆ, ಆದ್ರೆ ಅದು ನಿಲ್ಸೋದು ನನ್ನ ಕೈ ನಡುಕಾನ, ಅವಳ ಕೈ ಓಡೋದನ್ನ ಅಲ್ಲ. ವರ್ಷಕ್ಕೊಂದು ಸಲ ಬರೋ ಪ್ರೋಗ್ರಾಂ ಅದು. ಆ ಫೋಟೋ ಡಿಲೀಟ್ ಮಾಡೋಕೂ ಮನಸ್ಸು ಬರ್ಲಿಲ್ಲ, ಈಗ್ಲೂ ಇದೆ.

ಆಮೇಲೆ ರಿವ್ಯೂ ನೋಡೋದು ಬಿಟ್ಟು ನನ್ನ ಫೋಟೋಗಳನ್ನೇ ನೋಡೋಕೆ ಶುರು ಮಾಡ್ದೆ. ಹಿಂದಿನ ಎರಡು ವರ್ಷದ್ದು ಸುಮಾರು ಮೂರು ಸಾವಿರ ಫೋಟೋ ಇತ್ತು. ಸಾಫ್ಟ್‌ವೇರಲ್ಲಿ ಫೋಕಲ್ ಲೆಂಗ್ತ್ ಪ್ರಕಾರ ಫಿಲ್ಟರ್ ಹಾಕಿದ್ರೆ ಎಲ್ಲಾ ಗೊತ್ತಾಗುತ್ತೆ ಅಂತ ಬಹಳ ಜನ ಹೇಳ್ತಾರೆ, ನಾನೂ ಮಾಡ್ದೆ, ಆದ್ರೆ ಅದರಿಂದ ನಂಗೆ ಅಷ್ಟೇನೂ ಉಪಯೋಗ ಆಗ್ಲಿಲ್ಲ, ಯಾಕಂದ್ರೆ ಝೂಮ್ ಇರೋರು ಸುಮ್ನೆ ಈ ಕಡೆ ಕೊನೆ ಇಲ್ಲ ಆ ಕಡೆ ಕೊನೆಗೆ ತಿರುಗಿಸ್ತಾರೆ, ನಂದೂ 18 ಮತ್ತೆ 140ರಲ್ಲೇ ಗುಡ್ಡೆ ಬಿದ್ದಿತ್ತು. ದಾರಿ ತೋರಿಸಿದ್ದು ರಿಜೆಕ್ಟ್ ಫೋಲ್ಡರು. ಕೆಟ್ಟ ಫೋಟೋ ಒಂದೊಂದನ್ನೂ ತೆಗೆದು ಇದು ಯಾಕೆ ಕೆಟ್ಟಿದೆ ಅಂತ ಒಂದು ಹಾಳೇಲಿ ಗೀಟು ಹಾಕ್ತಾ ಹೋದೆ: ಅಲುಗಾಡಿದೆ, ದೂರ ಆಗಿದೆ, ಫ್ರೇಮಲ್ಲಿ ಹಿಡಿಸಿಲ್ಲ, ಫೋಕಸ್ ತಪ್ಪಿದೆ. ಎರಡು ಸಂಜೆ ಹಿಡೀತು. ಮುಕ್ಕಾಲು ಪಾಲು ಗೀಟು ಒಂದೇ ಕಡೆ, ಅಲುಗಾಡಿದ್ದರಲ್ಲಿ. ಅದರಲ್ಲೂ ಬಹುಪಾಲು ಸ್ಟೇಜಿಂದು, ಉಳಿದಿದ್ದು ಸಂಜೆ ಮನೆ ಒಳಗಿಂದು. ಹಕ್ಕಿ ದೂರ ಆಗಿ ಕೆಟ್ಟಿದ್ದು ಒಂದಿಪ್ಪತ್ತು ಇರ್ಬಹುದು ಅಷ್ಟೇ, ಅದನ್ನೇ ನಾನು ತಿಂಗಳುಗಟ್ಟಲೆ ದೊಡ್ಡ ಸಮಸ್ಯೆ ಅಂತ ತಲೇಲಿ ಇಟ್ಕೊಂಡಿದ್ದೆ. ಹಕ್ಕಿ ಅಂದ್ರೆ ನಂಗೆ ಇಷ್ಟ, ಆದ್ರೆ ಹಕ್ಕಿ ನಾಳೆ ಬೆಳಿಗ್ಗೇನೂ ಬರುತ್ತೆ.

ಹಾಗಾಗಿ ಬೆಳಕು ಮೊದ್ಲು, ಮಿಕ್ಕಿದ್ದು ಆಮೇಲೆ ಅಂತ ತೀರ್ಮಾನ ಆಯ್ತು. ಬೆಳಕು ಕಮ್ಮಿ ಬಿಡೋ 18-300 ಥರದ ಸೂಪರ್ ಝೂಮುಗಳು ಅಲ್ಲೇ ಲಿಸ್ಟಿಂದ ಹೋದ್ವು.

70-200 ಎಫ್/2.8 ಎರಡು ದಿನ ಬಾಡಿಗೆಗೆ ತಂದೆ. ನಿಜವಾಗ್ಲೂ ಅದ್ಭುತ ಲೆನ್ಸ್, ಫೋಕಸ್ ಒತ್ತಿದ ತಕ್ಷಣ ಹೋಗಿ ಕೂರುತ್ತೆ. ಆದ್ರೆ ಅದೇ ಸುಮಾರು ಒಂದೂವರೆ ಕೆಜಿ, ಬಾಡಿ ಮುಕ್ಕಾಲು ಕೆಜಿ ಮೇಲೆ, ಎರಡೂ ಸೇರಿ ಎರಡು ಕೆಜಿ ದಾಟುತ್ತೆ. ಒಂದು ರಿಹರ್ಸಲಲ್ಲಿ ನಲವತ್ತು ನಿಮಿಷ ಹಿಡ್ಕೊಂಡಿದ್ದೆ, ಆಮೇಲೆ ಎಡಗೈ ಮಣಿಕಟ್ಟು ನಡುಗ್ತಿತ್ತು, ಮಾರನೇ ದಿನ ಬ್ಯಾಗ್ ತಗೊಂಡು ಹೊರಗೆ ಹೋಗೋಕೆ ಮನಸ್ಸೇ ಆಗ್ಲಿಲ್ಲ. ಮೊನೋಪಾಡ್ (ಒಂದೇ ಕಾಲಿನ ಸ್ಟ್ಯಾಂಡ್) ಹಾಕೋರಿಗೆ ಅದು ಸರಿ ಹೋಗುತ್ತೆ. 2016ರಲ್ಲಿ ಬಂದ ಸಿಗ್ಮಾ 50-100 ಎಫ್/1.8 ಪೇಪರ್ ಮೇಲೆ ನನಗೇ ಮಾಡಿದಂಗಿತ್ತು, ಎಪಿಎಸ್-ಸಿಗೆ ಅಂತಾನೇ ಮಾಡಿರೋ ಲೆನ್ಸ್, ನಂಗೆ ಬೇಕಾದ ರೇಂಜು, ಬೇಕಾದ ಬೆಳಕು, ಆದ್ರೆ ಅದೂ 1490 ಗ್ರಾಂ, ಸ್ಟೆಬಿಲೈಸೇಶನ್ ಕೂಡ ಇಲ್ಲ. ಒಂದು ವಾರ ಅದರ ಹಿಂದೇನೇ ಬಿದ್ದಿದ್ದೆ, ಕೊನೆಗೆ ಆ ನಡುಗ್ತಿದ್ದ ಕೈ ನೆನಪಾಗಿ ಬಿಟ್ಟೆ.

ಉಳಿದಿದ್ದು 50 ಎಫ್/1.8 ಮತ್ತೆ 85 ಎಫ್/1.8, ಎರಡೂ ಝೂಮ್ ಇಲ್ಲದ ಪ್ರೈಮ್ ಲೆನ್ಸು. ಎರಡೂ ಹಗುರ, 85 ಕೂಡ 350 ಗ್ರಾಂ ಆಸುಪಾಸು. ಇಲ್ಲಿ ಊಹೆ ಮೇಲೆ ಹೋಗೋದು ಬೇಡ ಅನ್ನಿಸ್ತು. 18-140ರ ಝೂಮ್ ರಿಂಗ್‌ನ 85ರ ಹತ್ರ ತಿರುಗಿಸಿ ಪೇಂಟ್ ಮಾಡೋವಾಗ ಅಂಟಿಸ್ತಾರಲ್ಲ ಆ ಕಾಗದದ ಟೇಪ್ ಸುತ್ತಿ ಒಂದು ವಾರ ಅದರಲ್ಲೇ ತೆಗೆದೆ, ಇನ್ನೊಂದು ವಾರ 50ರಲ್ಲಿ. ಮೊದಲೆರಡು ದಿನ ಕೈ ತಾನಾಗೇ ರಿಂಗ್ ಹುಡುಕುತ್ತೆ, ಮೂರನೇ ದಿನದಿಂದ ಕಾಲು ನಡೆಯೋಕೆ ಶುರು ಮಾಡುತ್ತೆ. ಯಾರಾದ್ರೂ ಪ್ರೈಮ್ ತಗೋಬೇಕು ಅಂದ್ರೆ ಮೊದ್ಲು ಈ ಟೇಪ್ ಕೆಲ್ಸ ಮಾಡಿ ಅಂತ ನಾನು ಖಂಡಿತ ಹೇಳ್ತೀನಿ.

ಜೊತೆಗೆ ಒಂದು ಲೆಕ್ಕಾನೂ ಮಾಡ್ದೆ. ನನ್ನ ಸೆನ್ಸರ್ 23.5 ಮಿಮೀಗೆ 15.6 ಮಿಮೀ. 85ರಲ್ಲಿ ಕ್ಯಾಮೆರಾನ ನಿಲುವಾಗಿ ಹಿಡಿದು 8 ಮೀಟರ್ ದೂರದಲ್ಲಿ ನಿಂತ್ರೆ 2.2 ಮೀಟರ್ ಎತ್ತರ, ಹತ್ತತ್ರ ಒಂದೂವರೆ ಮೀಟರ್ ಅಗಲ ಫ್ರೇಮಿಗೆ ಬರುತ್ತೆ. ಮಗಳ ಎತ್ತರ 1.4 ಮೀಟರ್, ಕೈ ಮೇಲೆತ್ತಿದ್ರೂ ಒಳಗೇ ಇರ್ತಾಳೆ, ಎರಡೂ ಕೈ ಪಕ್ಕಕ್ಕೆ ಚಾಚಿದ್ರೆ ಅಂಚಿಗೆ ತಾಗೋ ಹಾಗೆ ಹಿಡಿಯುತ್ತೆ. ಅದೇ 6 ಮೀಟರಿಗೆ ಹೋದ್ರೆ ಎತ್ತರ 1.66, ಮೇಲೆತ್ತಿದ ಕೈ ಕಟ್ಟು. 50 ತಗೊಂಡ್ರೆ ಇದೇ ಫ್ರೇಮಿಗೆ 4.7 ಮೀಟರ್ ಹತ್ರ ಹೋಗ್ಬೇಕು, ಅಷ್ಟು ಮುಂದೆ ಹೋಗಿ ನಿಂತ್ರೆ ಹಿಂದೆ ಕೂತೋರಿಗೆಲ್ಲ ಅಡ್ಡ. ರಿಹರ್ಸಲ್ ದಿನ ಸ್ಟೇಜಿಂದ ಹೆಜ್ಜೆ ಹಾಕಿ ಅಳೆದೆ, ಮೂರನೇ ಸಾಲಿನ ಪಕ್ಕದ ಓಡಾಡೋ ಜಾಗ ಸರಿಯಾಗಿ 8 ಮೀಟರಿಗೆ ಬರ್ತಿತ್ತು. 85 ಅಂತ ಅಲ್ಲೇ ನಿರ್ಧಾರ ಮಾಡ್ಬಿಟ್ಟೆ.

ಲೆನ್ಸ್ ಬಂದ ದಿನ ಖುಷೀಲಿ ಎಲ್ಲಾ ಎಫ್/1.8ರಲ್ಲೇ ತೆಗೆದೆ, ಒಂದೂ ಸರಿ ಬರ್ಲಿಲ್ಲ. ಕಣ್ಣಿಗೆ ಫೋಕಸ್ ಇಟ್ರೆ ಕಿವಿ ಶಾರ್ಪು, ಕಣ್ಣು ಮೆತ್ತಗೆ. 3 ಮೀಟರಲ್ಲಿ ಎಫ್/1.8ಗೆ ಶಾರ್ಪ್ ಆಗಿರೋ ಜಾಗ ಬರೀ 9 ಸೆಂಟಿಮೀಟರ್ ಇರುತ್ತೆ, ಫೋಕಸ್ ಒಂಚೂರು ಹಿಂದೆ ಹೋದ್ರೂ ಮುಗೀತು. ಒಂದು ಸ್ಕೇಲನ್ನ ಓರೆಯಾಗಿ ನಿಲ್ಸಿ, ಮಧ್ಯದ ಗೆರೆ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟು ಡಬ್ಬಿಗೆ ಫೋಕಸ್ ಮಾಡಿ ಟ್ರೈಪಾಡಿಂದ ತೆಗೆದು ನೋಡಿದ್ರೆ ಶಾರ್ಪ್ ಇರೋ ಗೆರೆಗಳು ಡಬ್ಬಿಗಿಂತ ಹಿಂದೆ ಇದ್ವು. ನನ್ನದರಂಥ ಒಳಗೆ ಕನ್ನಡಿ ಇರೋ ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ಫೋಕಸ್ ಅಳೆಯೋ ಸೆನ್ಸರೇ ಬೇರೆ, ಫೋಟೋ ತೆಗಿಯೋ ಸೆನ್ಸರೇ ಬೇರೆ, ಅದಕ್ಕೆ ಇಂಥ ವ್ಯತ್ಯಾಸ ಬರುತ್ತೆ, ಮಿರರ್‌ಲೆಸ್ ಇರೋರಿಗೆ ಈ ತಲೆನೋವು ಹೆಚ್ಚುಕಮ್ಮಿ ಇಲ್ಲ. ನನ್ನ ಬಾಡೀಲಿ ಎಎಫ್ ಫೈನ್ ಟ್ಯೂನ್ (ಫೋಕಸ್ ಹಿಂದೆ ಮುಂದೆ ಸರಿ ಮಾಡೋ ಸೆಟ್ಟಿಂಗ್) ಇತ್ತು, ಒಂದೊಂದೇ ಅಂಕಿ ಕಮ್ಮಿ ಮಾಡ್ತಾ ಮೈನಸ್ 7ಕ್ಕೆ ಬಂದಾಗ ಗೆರೆ ಡಬ್ಬಿ ಪಕ್ಕಕ್ಕೆ ಬಂದು ನಿಂತ್ವು. ಆವತ್ತೇ ರಾತ್ರಿ ಮಗಳನ್ನ ಕೂರಿಸಿ ತೆಗೆದೆ, ರೆಪ್ಪೆ ಕೂದಲು ಒಂದೊಂದೂ ಬಿಡಿಬಿಡಿಯಾಗಿ ಕಾಣ್ತಿತ್ತು.

ಪ್ರೋಗ್ರಾಂ ದಿನ ಎಫ್/2, 1/250, ಐಎಸ್ಒ 1600. ಎಫ್/5.6ಕ್ಕಿಂತ ಮೂರು ಸ್ಟಾಪು ಜಾಸ್ತಿ, ಒಂದು ಸ್ಟಾಪ್ ಅಂದ್ರೆ ಎರಡು ಪಟ್ಟು, ಹಾಗಾಗಿ ಎಂಟು ಪಟ್ಟು ಬೆಳಕು. ಜಿಗಿಯೋ ಕಡೆ ಮಾತ್ರ 1/500, 3200 ಮಾಡ್ಕೊಂಡೆ. ಹಿಂದಿನಿಂದ ಬೆಳಕು ಬಿದ್ದಾಗ ಬಿಳಿ ಬಟ್ಟೆ ಅಂಚಲ್ಲಿ ನೇರಳೆ ಗೆರೆ ಬರುತ್ತೆ, ಅದು ನಂಗೆ ಇಷ್ಟ ಆಗಲ್ಲ, ಎಫ್/2.8ಗೆ ಕಿಂಡಿ ಚಿಕ್ಕದು ಮಾಡಿದ್ರೆ ಕಮ್ಮಿ ಆಗುತ್ತೆ, ಉಳಿದಿದ್ದನ್ನ ಸಾಫ್ಟ್‌ವೇರಲ್ಲಿ ತೆಗೀತೀನಿ. ಇನ್ನೂ ಹತ್ರ ಬೇಕು ಅನ್ನಿಸಿದ್ರೆ ಕ್ರಾಪು. 140ರಷ್ಟು ಬರೋ ಹಾಗೆ ಕತ್ತರಿಸಿದ್ರೂ 9 ಮೆಗಾಪಿಕ್ಸೆಲ್ ಹತ್ರ ಉಳಿಯುತ್ತೆ, ಎ4 ಪ್ರಿಂಟಿಗೆ 300 ಡಿಪಿಐ ಲೆಕ್ಕದಲ್ಲಿ ಅದು ಸಾಕು.

ಕೈ ಬಿಟ್ಟಿದ್ದನ್ನೂ ಹೇಳ್ಬೇಕು. ಹಕ್ಕಿಗೆ ಹಳೇ 70-300 ಈಗ್ಲೂ ಇದೆ, ಬಿಸಿಲು ಬಂದ್ಮೇಲೆ ಹೋಗ್ತೀನಿ. ಮನೆ ಒಳಗೆ 85 ಆಗಲ್ಲ, ಒಂದು ಮೀಟರ್ ಎತ್ತರದ ಮಗು ಪೂರ್ತಿ ಬರ್ಬೇಕು ಅಂದ್ರೆ ಮೂರೂವರೆ ಮೀಟರಿಗಿಂತ ಜಾಸ್ತಿನೇ ಹಿಂದೆ ಹೋಗ್ಬೇಕು, ಅಷ್ಟೊತ್ತಿಗೆ ಬೆನ್ನು ಗೋಡೆಗೆ ತಾಗಿರುತ್ತೆ. ಅಲ್ಲಿ 18-140 ಹಾಕಿ ಕಿಟಕಿ ಪರದೆ ಪೂರ್ತಿ ಸರಿಸಿ ಹಗಲಲ್ಲೇ ತೆಗೀತೀನಿ. ಜಾಸ್ತಿ ಬೇಜಾರಾಗೋದು ಗ್ರೂಪ್ ಡ್ಯಾನ್ಸಲ್ಲಿ. ಹನ್ನೆರಡು ಮಕ್ಕಳು ಸಾಲಾಗಿ ಬಂದು ನಿಂತಾಗ 85ಗೆ ಮೂರೇ ಜನ ಸಿಗೋದು. ಕತ್ತಲಲ್ಲಿ ಲೆನ್ಸ್ ಬದಲಾಯಿಸೋ ಧೈರ್ಯ ಮಾಡ್ಲಿಲ್ಲ, ಆ ಒಂದು ಫೋಟೋನ ಫೋನಲ್ಲಿ ತಗೊಂಡೆ. ಮುಂದಿನ ಪ್ರೋಗ್ರಾಂ ನಡೆಯೋ ಹಾಲ್ ಬೇರೆ, ಅಲ್ಲಿ ಮೂರನೇ ಸಾಲು ಸ್ಟೇಜಿಂದ ಐದೇ ಮೀಟರ್ ಅಂತ ಮೊನ್ನೆ ಹೋಗಿ ಅಳೆದು ಬಂದಿದೀನಿ, ಎಂಟು ಮೀಟರ್ ಸಿಗೋದು ಹಿಂದಿನ ಬಾಗಿಲ ಪಕ್ಕದ ಕಂಬದ ಹತ್ರ, ಅಲ್ಲಿ ನಿಲ್ಲೋಕೆ ಬಿಡಿ ಅಂತ ಟೀಚರ್ ಹತ್ರ ಕೇಳಿದೀನಿ.